ಮುಟ್ಟಿನ ಆರೋಗ್ಯ: ಅರಿವು, ಕಾನೂನು ಮತ್ತು ಸಮುದಾಯದ ಹೊಣೆ

ಸ್ತ್ರೀಯರ ಮಾಸಿಕ ಋತುಸ್ರಾವವನ್ನು ಕನ್ನಡ ನಾಡಿನ ಜನರು ಹಲವು ಮಾತುಗಳಿಂದ ಸೂಚಿಸುತ್ತಾರೆ. ಮುಟ್ಟು, ರಜಸ್ಸು, ಋತುಸ್ರಾವ ಎಂಬ ಪದಗಳ ಜೊತೆಗೆ ‘ಹೊರಗಾಗುವುದು’, ‘ಹೊರಗೆ ಕೂರುವುದು’ ಎಂಬ ಮಾತುಗಳೂ ಬಳಕೆಯಲ್ಲಿವೆ. ಈ ಕೊನೆಯ ಎರಡು ಮಾತುಗಳು ದೇಹದಲ್ಲಿ ಏನಾಯಿತು ಎಂಬುದನ್ನು ಹೇಳುವುದಿಲ್ಲ. ಆ ದಿನಗಳಲ್ಲಿ ಹೆಣ್ಣು ಎಲ್ಲಿರಬೇಕು ಎಂಬುದನ್ನು ಹೇಳುತ್ತವೆ. ಪಟ್ಟಣದ ಅನೇಕ ಮನೆಗಳಲ್ಲಿ ಈ ಮಾತು ಈಗ ಬರಿಯ ರೂಢಿಯಾಗಿ ಉಳಿದಿದೆ. ಆದರೆ ನಾಡಿನ ಕೆಲವೆಡೆ ಅದರ ಅರ್ಥ ಇನ್ನೂ ಅಕ್ಷರಶಃ ಜೀವಂತವಾಗಿದೆ. ಮುಟ್ಟಾದ ಬಾಲಕಿ, ಹೆತ್ತ ಬಾಣಂತಿ ಮನೆಯಿಂದಾಚೆ, ಊರಿನಿಂದಾಚೆ ದಿನಗಳನ್ನು ಕಳೆಯಬೇಕಾಗುತ್ತದೆ.

ಮುಟ್ಟಿನ ಆರೋಗ್ಯವೆಂದರೆ ಶುಚಿಯಾದ ಬಟ್ಟೆ ಅಥವಾ ಪ್ಯಾಡು ದೊರೆಯುವುದಷ್ಟೇ ಎಂದು ಬಹುಮಂದಿ ಭಾವಿಸುತ್ತಾರೆ. ವಾಸ್ತವವಾಗಿ ಅದರ ವ್ಯಾಪ್ತಿ ವಿಶಾಲವಾದುದು. ಸರಿಯಾದ ತಿಳಿವಳಿಕೆ, ಸ್ರಾವವನ್ನು ಹೀರುವ ಶುದ್ಧ ಸಾಧನ, ನೀರು ಮತ್ತು ಮರೆಯಿರುವ ಸ್ಥಳ, ನೋವು ಹಾಗೂ ತೊಂದರೆಗಳಿಗೆ ಚಿಕಿತ್ಸೆ, ಅವಮಾನವಿಲ್ಲದ ವಾತಾವರಣ, ಎಂದಿನಂತೆ ಶಾಲೆ, ದುಡಿಮೆ, ಮನೆವಾರ್ತೆಗಳಲ್ಲಿ ಪಾಲ್ಗೊಳ್ಳುವ ಅವಕಾಶ ಇವೆಲ್ಲ ಸೇರಿ ಮುಟ್ಟಿನ ಆರೋಗ್ಯವಾಗುತ್ತದೆ. 2022ರ ಜೂನ್ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮುಟ್ಟನ್ನು ಕೇವಲ ನೈರ್ಮಲ್ಯದ ವಿಷಯವಾಗಿ ಕಾಣದೆ, ಆರೋಗ್ಯದ ಮತ್ತು ಮಾನವ ಹಕ್ಕಿನ ವಿಷಯವಾಗಿ ಪರಿಗಣಿಸಬೇಕೆಂದು ಕರೆ ನೀಡಿತು.

ಮುಟ್ಟು ಎಂದರೇನು?

ಮುಟ್ಟು ರೋಗವಲ್ಲ, ದೇಹದೊಳಗಿನ ಹೊಲಸು ಹೊರಬೀಳುವ ಕ್ರಿಯೆಯೂ ಅಲ್ಲ. ಗರ್ಭ ನಿಂತರೆ ಅದಕ್ಕೆ ಆಸರೆಯಾಗಲೆಂದು ಗರ್ಭಕೋಶದ ಒಳಪದರವು ಪ್ರತಿ ತಿಂಗಳೂ ದಪ್ಪವಾಗಿ ಬೆಳೆಯುತ್ತದೆ. ಅಂಡಾಶಯದಲ್ಲಿ ಉತ್ಪತ್ತಿಯಾಗುವ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ಈ ಬೆಳವಣಿಗೆಯನ್ನು ನಿಯಂತ್ರಿಸುತ್ತವೆ. ಗರ್ಭ ನಿಲ್ಲದಿದ್ದಾಗ ಈ ಹಾರ್ಮೋನುಗಳ ಮಟ್ಟ ತಗ್ಗಿ, ಆ ಪದರವು ಸ್ವಲ್ಪ ರಕ್ತದೊಡನೆ ಕಳಚಿ ಹೊರಬರುತ್ತದೆ. ಮುಟ್ಟಿನ ರಕ್ತವೆಂದರೆ ಇದೇ. ಗರ್ಭಸ್ಥ ಶಿಶುವಿಗೆ ನೆಲೆಯಾಗಬಲ್ಲ ಪದರವೇ ಅಶುದ್ಧವೆನ್ನಲು ಯಾವ ಆಧಾರವೂ ಇಲ್ಲ.

ಪ್ರಾಯದ ಸ್ತ್ರೀಯರಲ್ಲಿ ಋತುಚಕ್ರವು ಸಾಮಾನ್ಯವಾಗಿ 21ರಿಂದ 35 ದಿನಗಳಿಗೊಮ್ಮೆ ಬರುತ್ತದೆ. ಸ್ರಾವವು 2ರಿಂದ 7 ದಿನಗಳವರೆಗೆ ಇರುತ್ತದೆ. ಹೊಸದಾಗಿ ಮೈನೆರೆದ ಬಾಲಕಿಯರಲ್ಲಿ ಮೊದಲ ಒಂದೆರಡು ವರ್ಷ ಈ ಲೆಕ್ಕ ಏರುಪೇರಾಗುವುದುಂಟು. ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸುಮಾರು 30ರಿಂದ 40 ಮಿಲಿಲೀಟರು. ಅದು 80 ಮಿಲಿಲೀಟರನ್ನು ಮೀರಿದರೆ ಅತಿಸ್ರಾವವೆಂದು ಪರಿಗಣಿಸಲಾಗುತ್ತದೆ.

ಮುಟ್ಟಾದವಳು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ, ತುಳಸಿ ಒಣಗುತ್ತದೆ, ಹೂವು ಬಾಡುತ್ತದೆ ಎಂಬ ನಂಬಿಕೆಗಳು ನಮ್ಮಲ್ಲಿ ಮಾತ್ರ ಇದ್ದವೆಂದು ತಿಳಿಯಬೇಕಾಗಿಲ್ಲ. 1920ರಲ್ಲಿ ವಿಯೆನ್ನಾ ನಗರದ ವೈದ್ಯ ಬೇಲಾ ಷಿಕ್ ಅವರು, ಮುಟ್ಟಾದ ಸ್ತ್ರೀ ಹಿಡಿದ ಹೂವುಗಳು ಬೇಗ ಬಾಡಿದುದನ್ನು ಕಂಡು, ಅವಳ ಮೈಯಲ್ಲಿ ‘ಮೆನೊಟಾಕ್ಸಿನ್’ ಎಂಬ ವಿಷವಿದೆಯೆಂದು ಊಹಿಸಿದರು. ದಶಕಗಳ ಕಾಲ ಈ ಊಹೆಯ ಬೆನ್ನು ಹತ್ತಿದವರಿದ್ದರು. ಅಂಥ ವಿಷವೊಂದು ಇದೆಯೆಂಬುದು ಸಿದ್ಧವಾಗಲೇ ಇಲ್ಲ. ವಿದ್ಯಾವಂತರನ್ನೂ ದಾರಿ ತಪ್ಪಿಸಬಲ್ಲ ನಂಬಿಕೆಯನ್ನು ಕೊನೆಗೆ ತಿದ್ದಿದ್ದು ಪರೀಕ್ಷೆ ಮತ್ತು ಪುರಾವೆ.

ಸಂಶೋಧನೆ ತಿಳಿಸುವುದೇನು?

ಭಾರತದ ಬಾಲಕಿಯರ ಮುಟ್ಟಿನ ನಿರ್ವಹಣೆಯ ಬಗ್ಗೆ ನಡೆದ 138 ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಾಮರ್ಶೆಯೊಂದು 2016ರಲ್ಲಿ ಪ್ರಕಟವಾಯಿತು. ಇದರಲ್ಲಿ 97,000ಕ್ಕೂ ಹೆಚ್ಚು ಬಾಲಕಿಯರ ಮಾಹಿತಿ ಅಡಕವಾಗಿದೆ. ಮೊದಲ ಮುಟ್ಟಿಗೆ ಮುನ್ನ ಅದರ ಬಗ್ಗೆ ತಿಳಿದಿದ್ದವರು ಸರಿಸುಮಾರು ಅರ್ಧದಷ್ಟು ಮಂದಿ ಮಾತ್ರ. ಉಳಿದವರಲ್ಲಿ ರಕ್ತವನ್ನು ಕಂಡು ಏನೋ ಕೇಡಾಯಿತೆಂದು ಹೆದರಿದವರಿದ್ದರು. ಮುಟ್ಟಿನ ದಿನಗಳಲ್ಲಿ ಶಾಲೆ ತಪ್ಪಿಸುತ್ತಿದ್ದವರು ಸುಮಾರು ನಾಲ್ವರಲ್ಲಿ ಒಬ್ಬರು.

ಒಡಿಶಾ ರಾಜ್ಯದ 486 ಸ್ತ್ರೀಯರನ್ನು ಕುರಿತ ಅಧ್ಯಯನವು 2015ರಲ್ಲಿ ಹೊರಬಂದಿತು. ಮತ್ತೆ ಮತ್ತೆ ಒಗೆದು ಬಳಸುವ ಬಟ್ಟೆಯನ್ನು ಉಪಯೋಗಿಸುತ್ತಿದ್ದವರಲ್ಲಿ ಜನನಾಂಗ ಮತ್ತು ಮೂತ್ರನಾಳದ ಸೋಂಕು ಹೆಚ್ಚಾಗಿ ಕಂಡುಬಂದಿತು. ಅದರೊಡನೆ ಇನ್ನೊಂದು ಅಂಶವನ್ನೂ ಅದು ಗುರುತಿಸಿತು: ಮನೆಯಲ್ಲಿಯೇ ಮೈ ಶುಚಿಮಾಡಿಕೊಳ್ಳಲು ಮರೆಯಾದ ಜಾಗವಿದ್ದವರಲ್ಲಿ ಒಂದು ಬಗೆಯ ಯೋನಿ ಸೋಂಕು ಕಡಿಮೆಯಿತ್ತು. ಬಳಸುವ ಸಾಧನದಷ್ಟೇ ಬಳಸುವ ಸ್ಥಳವೂ ಮುಖ್ಯವೆಂಬುದು ಇದರಿಂದ ವೇದ್ಯವಾಗುತ್ತದೆ. ಬಟ್ಟೆಯೇ ದೋಷಪೂರ್ಣವಲ್ಲ. ಸೋಪು ಹಾಕಿ ಒಗೆದು, ನೇರ ಬಿಸಿಲಿನಲ್ಲಿ ಒಣಗಿಸಿದ ಹತ್ತಿ ಬಟ್ಟೆ ನಿರಪಾಯಕಾರಿ. ನಾಚಿಕೆಯಿಂದ ಅದನ್ನು ಸೀರೆಯ ಕೆಳಗೆ, ಬಚ್ಚಲ ಮೂಲೆಯಲ್ಲಿ ಅಡಗಿಸಿ ಒದ್ದೆಯಾಗಿಯೇ ಉಟ್ಟಾಗ ಅಪಾಯ ಹುಟ್ಟುತ್ತದೆ.

ಮುಟ್ಟಿನ ಕಪ್ ಕುರಿತು 43 ಅಧ್ಯಯನಗಳ ಪರಾಮರ್ಶೆಯೊಂದು 2019ರಲ್ಲಿ ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿ, ಈ ಸಾಧನವು ಸುರಕ್ಷಿತವೆಂದೂ ಸೋರಿಕೆ ತಡೆಯುವುದರಲ್ಲಿ ಪ್ಯಾಡಿಗೆ ಕಡಿಮೆಯಿಲ್ಲವೆಂದೂ ತಿಳಿಸಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ, 15ರಿಂದ 24 ವರ್ಷದ ಸ್ತ್ರೀಯರಲ್ಲಿ ಶುಚಿಯಾದ ಸಾಧನ ಬಳಸುವವರ ಪ್ರಮಾಣ 2015-16ರಲ್ಲಿ ಶೇಕಡ 57.6 ಇದ್ದುದು 2019-21ರಲ್ಲಿ ಶೇಕಡ 77.3ಕ್ಕೆ ಏರಿತು. ಇದು ಗಮನಾರ್ಹ ಪ್ರಗತಿ. ಆದರೆ ಆ ಸ್ತ್ರೀ ಮುಟ್ಟಿನ ದಿನಗಳಲ್ಲಿ ಎಲ್ಲಿ ಮಲಗುತ್ತಾಳೆ ಎಂಬುದನ್ನು ಈ ಅಂಕಿ ಹೇಳಲಾರದು. ಅದನ್ನು ತಿಳಿಯಲು ಊರುಗಳಿಗೇ ಹೋಗಬೇಕಾಗುತ್ತದೆ.

ಗೊಲ್ಲರಹಟ್ಟಿಗಳ ಕಥೆ

ಚಿತ್ರದುರ್ಗ, ತುಮಕೂರು ಮತ್ತು ನೆರೆಯ ಜಿಲ್ಲೆಗಳಲ್ಲಿ ಕಾಡುಗೊಲ್ಲರೆಂಬ ಪಶುಪಾಲಕ ಸಮುದಾಯ ನೆಲೆಸಿದೆ. ಕುರಿ ಮತ್ತು ದನಗಳ ಸಾಕಣೆ ಇವರ ಪರಂಪರಾಗತ ವೃತ್ತಿ. ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಮೊದಲಾದ ದೈವಗಳನ್ನು ಆರಾಧಿಸುವ ಇವರ ಮೌಖಿಕ ಕಾವ್ಯ ಪರಂಪರೆ ಕನ್ನಡ ಜಾನಪದದ ಹೆಮ್ಮೆ. ಸಾವಿರಾರು ಪದಗಳನ್ನು ಕಂಠಸ್ಥವಾಗಿ ಹಾಡುತ್ತಿದ್ದ ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಈ ಸಮುದಾಯದ ಮಗಳು.

ಕಾಡುಗೊಲ್ಲರ ವಸತಿಗೆ ಹಟ್ಟಿ ಎಂದು ಹೆಸರು. ದೈವ ನೆಲೆಸಿರುವ ಕಾರಣ ಇಡೀ ಹಟ್ಟಿಯೇ ಪವಿತ್ರವೆಂಬುದು ನಂಬಿಕೆ. ಆದುದರಿಂದ ಮುಟ್ಟಾದವರು ಮತ್ತು ಹೆತ್ತವರು ಸೂತಕ ಕಳೆಯುವವರೆಗೆ ಹಟ್ಟಿಯ ಹೊರಗಿರಬೇಕೆಂಬ ಕಟ್ಟಳೆ ಬೆಳೆದುಬಂದಿತು. ಮುಟ್ಟಾದವರು ಮೂರರಿಂದ ಐದು ದಿನ, ಬಾಣಂತಿಯರು ವಾರಗಳ ಕಾಲ, ಮರದ ನೆರಳಿನಲ್ಲೋ ಪುಟ್ಟ ಗುಡಿಸಲಿನಲ್ಲೋ ಇರುವ ಪದ್ಧತಿ ಇದು. ಮಳೆ, ಚಳಿ, ಹಾವು ಚೇಳುಗಳ ಭಯ, ರಾತ್ರಿಯ ಅಭದ್ರತೆ ಇವೆಲ್ಲವನ್ನೂ ಅವರು ಎದುರಿಸಬೇಕು. ಶಾಲೆಗೆ ಹೋಗುವ ಬಾಲಕಿಗೆ ಆ ದಿನಗಳಲ್ಲಿ ಪುಸ್ತಕವೂ ದೂರ, ದೀಪವೂ ದೂರ.

2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ನಡೆದ ಘಟನೆ ನಾಡಿನ ಗಮನ ಸೆಳೆಯಿತು. ಹೆರಿಗೆಯ ಸೂತಕದ ಕಾರಣ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ತಾಯಿಯೊಡನೆ ಇದ್ದ ಹಸುಗೂಸು ಮಳೆ ಚಳಿಗಳ ನಡುವೆ ಅಸುನೀಗಿತು. ಆ ಗುಡಿಸಲು ಹೆರಿಗೆಗೆಂದು ಹಾಕಿದ್ದು ನಿಜ. ಆದರೆ ಮುಟ್ಟು ಮತ್ತು ಹೆರಿಗೆ ಎರಡನ್ನೂ ಒಂದೇ ಮೈಲಿಗೆಯಾಗಿ ಕಾಣುವ ದೃಷ್ಟಿಯೇ ಆ ತಾಯಿಯನ್ನು ಹೊರಗಿರಿಸಿತ್ತು. ಘಟನೆಯ ತರುವಾಯ ಅಧಿಕಾರಿಗಳೂ ನ್ಯಾಯಾಧೀಶರೂ ಹಟ್ಟಿಗಳಿಗೆ ಭೇಟಿಯಿತ್ತು ಜನರೊಡನೆ ಮಾತನಾಡಿದರು.

ಇದು ಒಂದು ಸಮುದಾಯದತ್ತ ಬೆರಳು ತೋರುವ ವಿಷಯವಲ್ಲ. ಅಡುಗೆಮನೆಯ ಬಾಗಿಲಲ್ಲಿ ಮಗಳನ್ನು ತಡೆಯುವ, ಬೇರೆ ತಟ್ಟೆ, ಬೇರೆ ಚಾಪೆ ಕೊಡುವ ಮನೆಗಳು ಎಲ್ಲ ಜಾತಿಗಳಲ್ಲಿಯೂ ಇವೆ. ಹಟ್ಟಿಯಲ್ಲಿ ಕಣ್ಣಿಗೆ ಕಾಣುವಂತೆ ನಡೆಯುವುದು ಉಳಿದೆಡೆ ಗೋಡೆಗಳ ಮರೆಯಲ್ಲಿ ನಡೆಯುತ್ತದೆ.

ಕಾನೂನಿನ ಬಲ ಮತ್ತು ಮಿತಿ

‘ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ಪ್ರತಿಬಂಧ ಹಾಗೂ ನಿರ್ಮೂಲನೆ ಅಧಿನಿಯಮ, 2017’ 2020ರ ಜನವರಿಯಲ್ಲಿ ಜಾರಿಗೆ ಬಂದಿತು. ಮುಟ್ಟಾದ ಅಥವಾ ಗರ್ಭಿಣಿ ಸ್ತ್ರೀಯರನ್ನು ಬಲವಂತವಾಗಿ ಪ್ರತ್ಯೇಕವಾಗಿರಿಸುವುದು, ಊರಿನೊಳಗೆ ಬರದಂತೆ ತಡೆಯುವುದು ಈ ಅಧಿನಿಯಮದ ಪ್ರಕಾರ ಅಪರಾಧ. ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಏಳು ವರ್ಷಗಳವರೆಗೆ ಸೆರೆವಾಸ ಮತ್ತು 5,000ದಿಂದ 50,000 ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಮಲ್ಲೇನಹಳ್ಳಿಯ ಘಟನೆ ನಡೆದಾಗ ಈ ಕಾನೂನು ಜಾರಿಯಾಗಿ ಮೂರು ವರ್ಷಗಳು ಕಳೆದಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು.

ಕಾನೂನು ಬರುವ ಮೊದಲೇ ಇನ್ನೊಂದು ಪ್ರಯತ್ನವೂ ನಡೆದಿತ್ತು. ಹೊರಗಿರುವ ಸ್ತ್ರೀಯರು ಬಯಲಲ್ಲಿ ನರಳದಿರಲೆಂದು ಕೆಲವು ಗೊಲ್ಲರಹಟ್ಟಿಗಳ ಬಳಿ ಸರ್ಕಾರದ ವತಿಯಿಂದ ‘ಕೃಷ್ಣ ಕುಟೀರ’ ಎಂಬ ಕಟ್ಟಡಗಳನ್ನು ಕಟ್ಟಿಸಲಾಯಿತು. ಮಳೆಯಲ್ಲಿ ನೆನೆಯುವ ತಾಯಿಗೆ ಸೂರು ಬೇಕು ಎಂಬ ವಾದದಲ್ಲಿ ಕರುಣೆಯಿದೆ. ಆದರೆ ಹೊರಗಿರಿಸುವ ಪದ್ಧತಿಗೇ ಸರ್ಕಾರ ಗೋಡೆ ಕಟ್ಟಿಕೊಟ್ಟಂತಾಯಿತು ಎಂಬ ಆಕ್ಷೇಪಣೆಯಲ್ಲಿಯೂ ಸತ್ಯವಿದೆ. ಇಂದಿನ ನೋವನ್ನು ಕಡಿಮೆಮಾಡುವ ಏರ್ಪಾಡು ನಾಳೆಯ ಬದಲಾವಣೆಯನ್ನು ತಡೆಯದಂತೆ ನೋಡಿಕೊಳ್ಳುವುದು ನೀತಿ ರೂಪಿಸುವವರ ಎದುರಿನ ಕಠಿಣ ಪ್ರಶ್ನೆ.

ನೆರೆಯ ನೇಪಾಳದ ಅನುಭವವೂ ಬೋಧಪ್ರದವಾಗಿದೆ. ಆ ದೇಶದ ಪಶ್ಚಿಮ ಭಾಗದಲ್ಲಿ ಮುಟ್ಟಾದವರನ್ನು ಗುಡಿಸಲಿನಲ್ಲಿರಿಸುವ ‘ಛೌಪಡಿ’ ಪದ್ಧತಿಯನ್ನು 2005ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ನಿಷೇಧಿಸಿತು. 2017ರಲ್ಲಿ ಸಂಸತ್ತು ಅದನ್ನು ದಂಡನಾರ್ಹ ಅಪರಾಧವನ್ನಾಗಿಸಿತು. 2018ರಿಂದ ಮೂರು ತಿಂಗಳ ಸೆರೆವಾಸ, ಇಲ್ಲವೆ 3,000 ರೂಪಾಯಿ ದಂಡ, ಅಥವಾ ಎರಡೂ ಶಿಕ್ಷೆಯಾಗಿ ನಿಗದಿಯಾದವು. ಗುಡಿಸಲುಗಳನ್ನು ಕೆಡವುವ ಕಾರ್ಯಾಚರಣೆಯೂ ನಡೆಯಿತು. ಆದರೆ ಮನಸ್ಸು ಬದಲಾಗದ ಊರುಗಳಲ್ಲಿ ಕೆಡವಿದ ಗುಡಿಸಲು ಮತ್ತೆ ಎದ್ದಿತು. ಕೆಲವೆಡೆ ಸ್ತ್ರೀಯರು ಅದಕ್ಕಿಂತ ಕೆಟ್ಟ ಜಾಗಗಳಲ್ಲಿ ಮಲಗುವಂತಾಯಿತು. ಕಾನೂನು ಗುಡಿಸಲನ್ನು ಕೆಡವಬಲ್ಲದು. ಮನೆಯ ಬಾಗಿಲನ್ನು ತೆರೆಯುವವರು ಮನೆಯವರೇ.

ಯೋಜನೆಗಳು ತಂದ ಬದಲಾವಣೆ

ಕಾನೂನಿನ ಜೊತೆಗೆ ಸಾಧನಗಳನ್ನು ಒದಗಿಸುವ ಕಾರ್ಯವೂ ಸಾಗಿದೆ. 2011ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಗ್ರಾಮೀಣ ಕಿಶೋರಿಯರಿಗಾಗಿ ಮುಟ್ಟಿನ ನೈರ್ಮಲ್ಯ ಯೋಜನೆಯನ್ನು ಆರಂಭಿಸಿತು. ಆಗ ಆಶಾ ಕಾರ್ಯಕರ್ತೆಯರ ಮೂಲಕ ಆರು ಪ್ಯಾಡುಗಳ ಪೊಟ್ಟಣವನ್ನು ಆರು ರೂಪಾಯಿಗೆ ಒದಗಿಸಲಾಗುತ್ತಿತ್ತು. 2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮುಟ್ಟಿನ ಬಗ್ಗೆ ಸಲಹೆಯೂ ಸೇರಿದೆ. 2015ರಲ್ಲಿ ಕುಡಿಯುವ ನೀರು ಮತ್ತು ನೈರ್ಮಲ್ಯ ಸಚಿವಾಲಯವು ಶಾಲಾ ಶೌಚಾಲಯ, ನೀರು ಮತ್ತು ತ್ಯಾಜ್ಯ ವಿಲೇವಾರಿಯನ್ನು ಒಳಗೊಂಡ ರಾಷ್ಟ್ರೀಯ ಮಾರ್ಗಸೂಚಿಗಳನ್ನು ಹೊರಡಿಸಿತು. 2018ರ ಜುಲೈನಲ್ಲಿ ಪ್ಯಾಡುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು ತೆಗೆದುಹಾಕಲಾಯಿತು. ಅದೇ ವರ್ಷ ಜನೌಷಧಿ ಕೇಂದ್ರಗಳಿಗೆ ಬಂದ ‘ಸುವಿಧಾ’ ಪ್ಯಾಡಿನ ಬೆಲೆಯನ್ನು 2019ರ ಆಗಸ್ಟ್‌ನಲ್ಲಿ ಒಂದು ರೂಪಾಯಿಗೆ ಇಳಿಸಲಾಯಿತು.

ಕರ್ನಾಟಕವು 2013-14ರಲ್ಲಿ ‘ಶುಚಿ’ ಯೋಜನೆಯಡಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಬಾಲಕಿಯರಿಗೆ ಉಚಿತ ಪ್ಯಾಡು ಹಂಚಲು ತೊಡಗಿತು. ನಡುವೆ ಕೆಲವು ವರ್ಷ ನಿಂತುಹೋಗಿದ್ದ ಈ ವಿತರಣೆಗೆ 2024ರಲ್ಲಿ ಮರುಚಾಲನೆ ದೊರೆಯಿತು. ಸರಬರಾಜು ನಿಂತ ತಿಂಗಳಲ್ಲಿಯೂ ಮುಟ್ಟು ನಿಲ್ಲುವುದಿಲ್ಲ. ಆದುದರಿಂದ ಇಂಥ ಯೋಜನೆಗೆ ಆರಂಭದಷ್ಟೇ ಸಾತತ್ಯವೂ ಅಗತ್ಯ. ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ವಿದ್ಯಾರ್ಥಿನಿಯರಿಗೆ ಮುಟ್ಟಿನ ಕಪ್ ನೀಡುವ ಪ್ರಯೋಗವೂ ನಡೆದಿದೆ. 2025ರ ಅಕ್ಟೋಬರ್ 9ರಂದು ರಾಜ್ಯ ಸಚಿವ ಸಂಪುಟವು ಉದ್ಯೋಗಸ್ಥ ಸ್ತ್ರೀಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆ ನೀಡುವ ನೀತಿಗೆ ಒಪ್ಪಿಗೆಯಿತ್ತಿತು. ಬಿಹಾರ ಸರ್ಕಾರವು ತನ್ನ ಮಹಿಳಾ ನೌಕರರಿಗೆ ತಿಂಗಳಿಗೆ ಎರಡು ದಿನಗಳ ಇಂಥ ರಜೆಯನ್ನು 1992ರಷ್ಟು ಹಿಂದೆಯೇ ನೀಡಿತ್ತು. ಆದರೆ ಹೊಲದಲ್ಲಿ ಕಳೆ ಕೀಳುವ, ಕಟ್ಟಡದಲ್ಲಿ ಇಟ್ಟಿಗೆ ಹೊರುವ ದಿನಗೂಲಿಯ ಹೆಣ್ಣಿಗೆ ರಜೆಯೆಂದರೆ ಕೂಲಿ ತಪ್ಪುವ ದಿನವೇ ಆಗಿದೆ.

ತಮಿಳುನಾಡು ಈ ದಿಕ್ಕಿನಲ್ಲಿ ಮುಂಚೂಣಿಯಲ್ಲಿರುವ ರಾಜ್ಯ. ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ಅವರು ಅಗ್ಗದ ಪ್ಯಾಡು ತಯಾರಿಸುವ ಸರಳ ಯಂತ್ರವನ್ನು ರೂಪಿಸಿದರು. 2016ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 2011ರಲ್ಲಿ ಘೋಷಣೆಯಾದ ‘ಪುದು ಯುಗಂ’ ಯೋಜನೆಯಡಿ ಗ್ರಾಮೀಣ ಕಿಶೋರಿಯರು, ಸರ್ಕಾರಿ ಆಸ್ಪತ್ರೆಗಳಲ್ಲಿ ಹೆತ್ತ ತಾಯಂದಿರು ಮತ್ತು ಮಹಿಳಾ ಬಂದಿಗಳಿಗೆ ಉಚಿತ ಪ್ಯಾಡು ದೊರೆಯುವಂತಾಯಿತು. ಆದರೂ ಸ್ಥಳದ ಪ್ರಶ್ನೆ ಅಲ್ಲಿಯೂ ಉಳಿದಿದೆ. ಚೆನ್ನೈನ ಉತ್ತರದಂಚಿನ ತಿರುವೊಟ್ಟಿಯೂರಿನಂಥ ಜನನಿಬಿಡ ಕಡಲತೀರದ ಪ್ರದೇಶವಾಗಲಿ, ಬೆಂಗಳೂರಿನ ಯಾವುದೇ ಕೊಳೆಗೇರಿಯಾಗಲಿ, ಹಲವು ಕುಟುಂಬಗಳಿಗೆ ಒಂದೇ ಶೌಚಾಲಯವಿರುವಲ್ಲಿ ಬಾಲಕಿಯ ಕೈಯಲ್ಲಿ ಪ್ಯಾಡಿದ್ದರೂ ಅದನ್ನು ಬದಲಿಸಲು ಚಿಲಕವಿರುವ ಬಾಗಿಲಿಲ್ಲ. ಹಳ್ಳಿಯಲ್ಲಿ ಹೊರಗಿನ ಗುಡಿಸಲು, ನಗರದಲ್ಲಿ ಇಲ್ಲದ ಬಾಗಿಲು, ಕೊರತೆ ಒಂದೇ.

ನಮ್ಮ ಪರಂಪರೆಯಲ್ಲಿಯೇ ಇರುವ ದಾರಿ

ಮುಟ್ಟಿನ ಬಗ್ಗೆ ಗೌರವದಿಂದ ನಡೆದುಕೊಳ್ಳುವುದು ಪರದೇಶದಿಂದ ಬಂದ ವಿಚಾರವೆಂದು ಕೆಲವರು ಆಕ್ಷೇಪಿಸುವುದುಂಟು. ನಾಡಿನ ಪರಂಪರೆ ಇದಕ್ಕೆ ಉತ್ತರ ನೀಡುತ್ತದೆ. ಹನ್ನೆರಡನೆಯ ಶತಮಾನದ ಶರಣರು ತಿರಸ್ಕರಿಸಿದ ಪಂಚಸೂತಕಗಳಲ್ಲಿ ಜನನಸೂತಕವೂ ರಜಸ್ಸೂತಕವೂ ಸೇರಿವೆ. ತುಳುನಾಡಿನಲ್ಲಿ ಫೆಬ್ರವರಿಯ ಸುಮಾರಿಗೆ ಬರುವ ‘ಕೆಡ್ಡಸ’ ಹಬ್ಬವು ಭೂಮಿತಾಯಿ ಮುಟ್ಟಾಗುವ ಹಬ್ಬ. ಆ ದಿನಗಳಲ್ಲಿ ಉಳುಮೆಯಿಲ್ಲ, ಮಣ್ಣು ಅಗೆಯುವಂತಿಲ್ಲ. ಭೂಮಿಗೆ ಎಣ್ಣೆ, ಅರಿಶಿನ, ಕುಂಕುಮ ಅರ್ಪಿಸಿ ಉಪಚರಿಸುತ್ತಾರೆ. ಹಳೆಯ ಮೈಸೂರಿನ ಊರುಗಳಲ್ಲಿ ಮೈನೆರೆದ ಹುಡುಗಿಗೆ ಆರತಿ ಎತ್ತಿ, ಕೊಬ್ಬರಿ, ಬೆಲ್ಲ, ಎಳ್ಳಿನ ತಿನಿಸು ಕೊಟ್ಟು ಪೋಷಿಸುವ ವಾಡಿಕೆಯಿದೆ. ಮಣ್ಣಿಗೆ ಸಲ್ಲುವ ಉಪಚಾರ ಮಗಳಿಗೆ ಸಲ್ಲಬಾರದೇಕೆ? ಮೊದಲ ಮುಟ್ಟಿಗೆ ಇರುವ ಆದರ ಎರಡನೆಯ ತಿಂಗಳಿಂದ ಮೈಲಿಗೆಯಾಗುವುದೇಕೆ?

ಹಟ್ಟಿಗಳಲ್ಲಿಯೂ ಬದಲಾವಣೆಯ ಗಾಳಿ ಬೀಸುತ್ತಿದೆ. ವಿದ್ಯಾರ್ಥಿನಿಲಯಗಳಲ್ಲಿ ಓದಿ ಬಂದ ಹೆಣ್ಣುಮಕ್ಕಳು ಅಲ್ಲಿ ಮುಟ್ಟಿನ ದಿನಗಳನ್ನು ಎಲ್ಲರೊಡನೆ ಕಳೆದವರು. ಅದರಿಂದ ಯಾವ ಕೇಡೂ ಆಗಲಿಲ್ಲವೆಂಬುದಕ್ಕೆ ಅವರೇ ಸಾಕ್ಷಿ. ಹಟ್ಟಿಯ ಹಿರಿಯರು, ಪೂಜಾರಿಗಳು, ಅತ್ತೆಯಂದಿರು ಈ ಮಾತನ್ನು ಕೇಳಿ ಒಪ್ಪಿದಲ್ಲಿ ಕಟ್ಟಳೆ ಸಡಿಲಗೊಳ್ಳುತ್ತದೆ. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ ಮತ್ತು ಶಿಕ್ಷಕರು ತಾಯಂದಿರೊಡನೆ ತಂದೆಯರನ್ನೂ ಕೂರಿಸಿಕೊಂಡು ಮಾತನಾಡಬೇಕು. ಹೊರಗಿರಿಸುವ ತೀರ್ಮಾನ ಒಬ್ಬರದಲ್ಲ. ಒಳಗೆ ಕರೆಯುವ ತೀರ್ಮಾನವೂ ಒಬ್ಬರಿಂದ ಆಗುವುದಿಲ್ಲ.

ನೆನಪಿಡಬೇಕಾದ ಅಂಶಗಳು

ಹೆಣ್ಣುಮಗುವಿಗೆ ಒಂಬತ್ತು ಹತ್ತು ವರ್ಷ ತುಂಬುವ ವೇಳೆಗೆ ತಾಯಿ ಅಥವಾ ಅಕ್ಕ ಮುಟ್ಟಿನ ಬಗ್ಗೆ ಸರಳವಾಗಿ ತಿಳಿಹೇಳಬೇಕು. ಗಂಡುಮಕ್ಕಳಿಗೂ ಇದು ತಿಳಿದಿರಲಿ.

ಬಟ್ಟೆ ಅಥವಾ ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗಳಿಗೊಮ್ಮೆ ಬದಲಿಸಬೇಕು. ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ, ಇತರ ಕಸದಿಂದ ಪ್ರತ್ಯೇಕವಾಗಿ ಪೌರಕಾರ್ಮಿಕರಿಗೆ ಒಪ್ಪಿಸಬೇಕು. ಶೌಚಾಲಯದ ಗುಂಡಿಗೆ, ಚರಂಡಿಗೆ ಎಸೆಯಬಾರದು. ಕಪ್ ಬಳಸುವವರು ಪ್ರತಿ ಮುಟ್ಟಿಗೆ ಮುನ್ನ ಅದನ್ನು ನೀರಿನಲ್ಲಿ ಕುದಿಸಿ ಶುದ್ಧಗೊಳಿಸಬೇಕು.

ಮುಟ್ಟಿನ ದಿನಗಳಲ್ಲಿ ಊಟ, ಸ್ನಾನ, ನಿದ್ರೆ ಯಾವುದಕ್ಕೂ ಕಡಿತ ಸಲ್ಲದು. ಸಮೀಕ್ಷೆಯಂತೆ 2019-21ರಲ್ಲಿ 15ರಿಂದ 49 ವರ್ಷದ ಭಾರತೀಯ ಸ್ತ್ರೀಯರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಸೊಪ್ಪು, ಕಾಳು, ರಾಗಿ, ಬೆಲ್ಲ, ಮೊಟ್ಟೆ ಆಹಾರದಲ್ಲಿರಲಿ. ಶಾಲೆ ಮತ್ತು ಅಂಗನವಾಡಿಗಳಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪಿಸಬಾರದು.

ಸ್ರಾವ ಏಳು ದಿನಗಳನ್ನು ಮೀರಿದರೆ, ಒಂದೆರಡು ಗಂಟೆಗಳಿಗೊಮ್ಮೆ ಪ್ಯಾಡು ತೊಯ್ದರೆ, ನೋವಿನಿಂದ ಶಾಲೆ ಅಥವಾ ಕೆಲಸ ತಪ್ಪುವಂತಾದರೆ, 15 ವರ್ಷ ತುಂಬಿದರೂ ಮೊದಲ ಮುಟ್ಟು ಬಾರದಿದ್ದರೆ, ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ‘ಹೆಣ್ಣಾದವಳು ಸಹಿಸಬೇಕು’ ಎಂಬ ಮಾತಿನ ಮರೆಯಲ್ಲಿ ಎಂಡೊಮೆಟ್ರಿಯೋಸಿಸ್, ಗರ್ಭಕೋಶದ ಗಡ್ಡೆ ಮುಂತಾದ ಕಾಯಿಲೆಗಳು ವರ್ಷಗಟ್ಟಲೆ ಗುಪ್ತವಾಗಿ ಉಳಿಯುತ್ತವೆ.

ಸಂಶೋಧನೆಯು ಸತ್ಯವನ್ನು ತಿಳಿಸಿದೆ. ಸರ್ಕಾರಗಳು ಕಾನೂನನ್ನೂ ಸಾಧನಗಳನ್ನೂ ಒದಗಿಸಿವೆ. ಉಳಿದಿರುವುದು ಪ್ರತಿ ಮನೆಯ, ಪ್ರತಿ ಹಟ್ಟಿಯ ತೀರ್ಮಾನ. ಮುಟ್ಟಿನ ದಿನಗಳಲ್ಲಿ ಮಗಳು ಎಂದಿನ ಜಾಗದಲ್ಲಿ ಮಲಗಿ, ಎಂದಿನ ತಟ್ಟೆಯಲ್ಲಿ ಉಂಡು, ಬೆಳಿಗ್ಗೆ ಎಂದಿನಂತೆ ಶಾಲೆಗೆ ಹೊರಡುವಂತಾದಾಗ ಮಾತ್ರ ಈ ಎಲ್ಲ ಪ್ರಯತ್ನಗಳು ಸಾರ್ಥಕವಾಗುತ್ತವೆ.